ಗೋಳಗುಮ್ಮಟದಿಂದ ಬಾರಾಕಮಾನಿಗೆ

ಗೋಳಗುಮ್ಮಟದ ಗೇಟಿನಿಂದ ಬಾರಾಕಮಾನಿಗೆ ನೆಟ್ಟಗೆ ನಡೆದರೆ ಅರ್ಧ ಗಂಟೆಯ ದಾರಿ. ಹೋದ ಡಿಸೆಂಬರಿನ ಒಂದು ಭಾನುವಾರ ನನಗೂ ಅಪ್ಪನಿಗೂ ಆ ದಾರಿ ಮುಗಿಸಲು ಇಡೀ ಮುಂಜಾನೆ ಬೇಕಾಯಿತು. ಅಪ್ಪನ ಮೊಣಕಾಲು ನೋವು ಒಂದು ಕಾರಣ. ಇನ್ನೊಂದು ಕಾರಣ, ಅಪ್ಪ ಗೌಂಡಿ. ಮೂವತ್ತೈದು ವರ್ಷ ವಿಜಯಪುರದ ಓಣಿಗಳಲ್ಲಿ ಮನೆ ಕಟ್ಟಿದವನಿಗೆ ಯಾವ ಗೋಡೆಯನ್ನೂ ಒಮ್ಮೆ ಮುಟ್ಟದೆ ದಾಟಿ ಹೋಗಲು ಆಗುವುದಿಲ್ಲ.

ಹಾಗೆ ಇಬ್ಬರೂ ಹೊರಟಿದ್ದಕ್ಕೆ ಹಿನ್ನೆಲೆ ಹೇಳಬೇಕು. ನಾನು ಪಿಎಚ್.ಡಿ.ಗೆ ಸೇರಿ ಆರನೇ ವರ್ಷ ನಡೆಯುತ್ತಿತ್ತು. ಫೆಲೋಶಿಪ್ ಮುಗಿದಿತ್ತು, ಹಾಸ್ಟೆಲ್ ಬಿಟ್ಟಾಗಿತ್ತು. ಎರಡು ಚೀಲ ಜೆರಾಕ್ಸ್ ಹಾಳೆಗಳ ಜೊತೆ ಊರಿಗೆ ಬಂದು ಮೂರು ತಿಂಗಳಾಗಿತ್ತು. ನನ್ನ ವಿಷಯ, ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ನಮ್ಮ ಊರಿನಿಂದ ಹೊರಟ ಕನ್ನಡ ಪತ್ರಿಕೆಗಳು. ಐದು ಅಧ್ಯಾಯ ಬರೆದಿದ್ದೆ. ಆರನೆಯದಕ್ಕೆ ಬೇಕಾದ ಕೆಲವು ಸಣ್ಣ ಪತ್ರಿಕೆಗಳ ಸಂಚಿಕೆಗಳು ಎಲ್ಲೂ ಸಿಕ್ಕಿರಲಿಲ್ಲ. ಗ್ರಂಥಾಲಯ, ಮಠ, ಹಳೆಯ ವಕೀಲರ ಮನೆಯ ಅಟ್ಟ, ರದ್ದಿ ಅಂಗಡಿ, ಎಲ್ಲ ಕಡೆ ಹುಡುಕಿದ್ದೆ. ಕೆಲವೆಡೆ ಗೆದ್ದಲು ತಿಂದ ಪುಡಿ ಸಿಕ್ಕಿತ್ತು. ಇದ್ದಕ್ಕಿದ್ದಂತೆ ಒಂದು ದಿನ ಆ ಹುಡುಕಾಟವೇ ನಿಂತುಹೋಯಿತು. ಫೈಲು ತೆರೆಯುವುದು, ಒಂದು ಅಲ್ಪವಿರಾಮ ತೆಗೆಯುವುದು, ಮತ್ತೆ ಹಾಕುವುದು, ಮುಚ್ಚುವುದು.

ಓಣಿಯವರೆಲ್ಲ ಕೇಳುತ್ತಿದ್ದರು, 'ಮುಗೀತೇನವಾ ನಿಂದು?' ಅಪ್ಪ ಮಾತ್ರ ಒಂದು ದಿನವೂ ಕೇಳಲಿಲ್ಲ. ಆ ಶನಿವಾರ ರಾತ್ರಿ ಊಟಕ್ಕೆ ಕೂತಾಗ ನಾನೇ ಹೇಳಿದೆ: ಇದು ನನ್ನಿಂದ ಆಗುವುದಿಲ್ಲ, ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಇದೆಯಂತೆ, ಹೋಗುತ್ತೇನೆ. ಅವ್ವ ರೊಟ್ಟಿ ಹಾಕುವ ಕೈ ನಿಲ್ಲಿಸಿದಳು. ಅಪ್ಪ ತಾಟಿನ ಅಂಚಿಗೆ ಹತ್ತಿದ ಪಲ್ಯೆ ಬಳಿದುಕೊಂಡು ತಿಂದು, ನೀರು ಕುಡಿದು ಅಂದ, 'ನಾಳೆ ಆಯಿತವಾರ ಐತಿ. ಗುಮ್ಮಟ ನೋಡಿ ಬರೂಣು ನಡಿ.'

ಈ ಊರಿನಲ್ಲಿ ಹುಟ್ಟಿ ಬೆಳೆದ ನಾನು ಗೋಳಗುಮ್ಮಟದ ಒಳಗೆ ಹೋಗಿದ್ದು ಎಷ್ಟು ಸಲ ಎಂದು ಲೆಕ್ಕ ಹಾಕಿದರೆ ನಾಲ್ಕು. ಎಲ್ಲವೂ ಬಂದ ನೆಂಟರನ್ನು ಕರೆದುಕೊಂಡು. ಅಪ್ಪ ಹೋಗಿದ್ದು ಒಂದೇ ಸಲ, ಸಾಲಿಯಲ್ಲಿದ್ದಾಗ.

ಒಳಗೆ ಕಾಲಿಟ್ಟಾಗ ಯಾವುದೋ ಶಾಲೆಯ ಮಕ್ಕಳು ಮೇಲಿನ ಪಿಸುಮಾತಿನ ಗ್ಯಾಲರಿಯಲ್ಲಿ ಕೂಗುತ್ತಿದ್ದರು. ಒಂದು ಕೂಗಿಗೆ ಏಳು ಸಲ ಉತ್ತರ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಎಪ್ಪತ್ತು ಮಕ್ಕಳು ಒಟ್ಟಿಗೆ ಕೂಗಿದರೆ ಎಣಿಸುವವರು ಯಾರು? ಏಳು ಅಂತಸ್ತಿನ ಮೂಲೆಗೋಪುರ ಹತ್ತುವುದು ಅಪ್ಪನ ಮೊಣಕಾಲಿಗೆ ಆಗದ ಮಾತು. ನಾವು ಕೆಳಗೇ ನಿಂತೆವು. ಮೊಹಮ್ಮದ್ ಆದಿಲ್ ಶಾಹ ಮತ್ತು ಅವನ ಮನೆಯವರ ಸಮಾಧಿಗಳ ಕಟಕಟೆಯ ಪಕ್ಕ ನಿಂತು ಅಪ್ಪ ಕತ್ತು ಎತ್ತಿದವನು ಬಹಳ ಹೊತ್ತು ಇಳಿಸಲೇ ಇಲ್ಲ.

ನನಗೆ ಅಂಕಿಸಂಖ್ಯೆ ಗೊತ್ತಿತ್ತು, ಹೇಳಿದೆ. ಒಳಗಿನ ಚೌಕ ಒಂದೊಂದು ಬದಿಗೆ ಸುಮಾರು 135 ಅಡಿ. ಗುಮ್ಮಟದ ಒಳವ್ಯಾಸ ಸುಮಾರು 124 ಅಡಿ. ನಡುವೆ ಒಂದೂ ಕಂಬ ಇಲ್ಲ.

'ಆ ಹನ್ನೊಂದ ಫೂಟು ಎಲ್ಲಿ ಹೋತು?' ಅಪ್ಪ ಕೇಳಿದ.

ನಾನು ಸುಮ್ಮನಾದೆ. ಅಪ್ಪ ಬೆರಳು ಎತ್ತಿ ತೋರಿಸಿದ. ಗೋಡೆಗಳಿಂದ ಎದ್ದ ಎಂಟು ಕಮಾನುಗಳು ಒಂದನ್ನೊಂದು ಕತ್ತರಿಯ ಹಾಗೆ ಹಾಯ್ದು ಒಳಕ್ಕೆ ಬಾಗಿವೆ. ಚೌಕ ಅಲ್ಲಿ ಎಂಟು ಮೂಲೆಯಾಗಿ, ಆಮೇಲೆ ದುಂಡಾಗುತ್ತದೆ. ಗುಮ್ಮಟ ಗೋಡೆಯ ಮೇಲೆ ನೇರ ಕೂತಿಲ್ಲ, ಈ ಬಾಗಿದ ಕಮಾನುಗಳ ಹೆಗಲ ಮೇಲೆ ಕೂತಿದೆ. ನಾನು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದ ಸಂಗತಿ ಇದೇ. ಆದರೆ ಕಳೆದುಹೋದ ಹನ್ನೊಂದು ಅಡಿಯನ್ನು ನಾನು ಯಾವತ್ತೂ ಹುಡುಕಿರಲಿಲ್ಲ.

'ಎಷ್ಟ ವರ್ಷ ಹಿಡೀತಂತ?'

1627ರಲ್ಲಿ ಮೊಹಮ್ಮದ್ ಪಟ್ಟಕ್ಕೆ ಬಂದ. 1656ರಲ್ಲಿ ತೀರಿಕೊಂಡ. ಹತ್ತಿರ ಹತ್ತಿರ ಅವನ ಆಳ್ವಿಕೆ ಇದ್ದಷ್ಟು ಕಾಲವೂ ಕೆಲಸ ನಡೆಯಿತು ಎನ್ನುತ್ತಾರೆ. ಅವನು ಸತ್ತಾಗಲೂ ಕೆಲವು ಕೆಲಸ ಉಳಿದಿತ್ತು ಎಂದೂ ಹೇಳುತ್ತಾರೆ.

'ಉಳಿದ ಉಳದಿರತೈತಿ,' ಅಂದ ಅಪ್ಪ, ಅದರಲ್ಲಿ ಹೇಳುವಂಥದ್ದೇನೂ ಇಲ್ಲ ಎನ್ನುವ ಹಾಗೆ.

ಹೊರಗೆ ಬಂದು ಟಾಂಗಾದವರು, ಆಟೊದವರು ಕರೆಯುತ್ತಿದ್ದರೂ ನಡೆಯುತ್ತಲೇ ಹೊರಟೆವು. ಜನ ಹೆಚ್ಚಾಗಿ ಹೋಗುವ ಗಾಂಧಿ ಚೌಕದ ದಾರಿ ಬಿಟ್ಟು ಅಪ್ಪ ಜಾಮಿಯಾ ಮಸೀದಿಯ ಕಡೆ ತಿರುಗಿದ. ಈ ಕಡೆಯ ಓಣಿಗಳಲ್ಲಿ ಅಪ್ಪ ಕಟ್ಟಿದ ಮನೆಗಳಿವೆ. 'ಇದು ನಂದು' ಎನ್ನುತ್ತಿದ್ದ. ಹತ್ತು ಹೆಜ್ಜೆ ಹೋಗಿ, 'ಇದೂ ನಂದ. ಸಜ್ಜಾ ಮಾತ್ರ ಬ್ಯಾರೆಯವ್ರು ಕೆಡಿಸ್ಯಾರ.' ಒಂದು ಮನೆಯ ಹೊರಗೋಡೆಯ ಗಿಲಾವು ಉದುರಿದ್ದು ಕಂಡು ಮುಖ ತಿರುಗಿಸಿದ. ಅದು ಯಾರದೆಂದು ನಾನು ಕೇಳಲಿಲ್ಲ.

ಮಸೀದಿಯ ಅಂಗಳದಲ್ಲಿ ಬಿಸಿಲು ಆಗಷ್ಟೇ ಕಾಯತೊಡಗಿತ್ತು. ಅಂಚಿನ ನೆರಳಿನಲ್ಲಿ ಕೂತೆವು. 1565ರ ಯುದ್ಧದಲ್ಲಿ ವಿಜಯನಗರ ಸೋತ ಮೇಲೆ ಒಂದನೇ ಅಲಿ ಆದಿಲ್ ಶಾಹ ಶುರು ಮಾಡಿದ ಮಸೀದಿ ಇದು. ಅವನ ಕಾಲಕ್ಕೆ ಮುಗಿಯಲಿಲ್ಲ. ಮೊಹಮ್ಮದನ ಕಾಲದಲ್ಲಿ ಒಳಗಿನ ಮಿಹ್ರಾಬಿಗೆ ಬಂಗಾರದ ಬಣ್ಣದ ಕೆಲಸ ಆಯಿತು. 1686ರಲ್ಲಿ ಊರನ್ನು ಗೆದ್ದ ಔರಂಗಜೇಬ ನೆಲದ ಮೇಲೆ ಒಬ್ಬೊಬ್ಬರಿಗೆ ಒಂದೊಂದರಂತೆ ನಮಾಜಿನ 2250 ಚೌಕಗಳನ್ನು ಬರೆಸಿದ. ಪೂರ್ವದ ಬಾಗಿಲಿನ ಎರಡೂ ಬದಿಗೆ ಬರಬೇಕಿದ್ದ ಮಿನಾರುಗಳು ಬರಲೇ ಇಲ್ಲ. ಇಷ್ಟನ್ನು ಹೇಳುವಾಗ ನನಗೇ ಒಂದು ವಿಚಾರ ಹೊಳೆಯಿತು. ಈ ಮಸೀದಿಯನ್ನು ಯಾರೂ 'ಅರ್ಧಕ್ಕೆ ನಿಂತದ್ದು' ಎನ್ನುವುದಿಲ್ಲ. ನಾಲ್ಕು ನೂರು ವರ್ಷದಿಂದ ಜನ ಬರುತ್ತಾರೆ, ಕೈಕಾಲು ತೊಳೆಯುತ್ತಾರೆ, ನಮಾಜು ಮಾಡಿ ಹೋಗುತ್ತಾರೆ. ಬಳಕೆಯಲ್ಲಿರುವ ಕಟ್ಟಡಕ್ಕೆ ಏನು ಕಡಿಮೆಯಾಗಿದೆ ಎಂದು ಕೇಳುವವರು ನನ್ನಂಥ ಓದುವವರು ಮಾತ್ರ.

ಮುಂದೆ ಅದೇ ರಸ್ತೆಯಲ್ಲಿ ಮೆಹತರ್ ಮಹಲ್ ಬರುತ್ತದೆ. ಹೆಸರಿಗೆ ಮಹಲು, ನಿಜಕ್ಕೆ ಒಂದು ಎತ್ತರದ ಬಾಗಿಲು. ಅದರ ಚಾಚುಮಾಳಿಗೆಯನ್ನು ಹೊತ್ತ ಕಲ್ಲಿನ ಆಸರೆಗಳನ್ನು ಬಡಿಗರ ಕೆಲಸದ ಹಾಗೆ ಕೆತ್ತಿದ್ದಾರೆ. ಅಪ್ಪ ಕಲ್ಲೋ ಕಟ್ಟಿಗೆಯೋ ಎಂದು ರಸ್ತೆಯ ಆ ಕಡೆ ಈ ಕಡೆ ನಿಂತು ನೋಡಿದ. ಬೈಕಿನವನೊಬ್ಬ ಬೈದುಕೊಂಡು ಹೋದ.

ಅಸಾರ್ ಮಹಲಿನ ಮುಂದಿನ ಕೊಳದ ಹತ್ತಿರ ಬಂದಾಗ ಅಪ್ಪನ ಕಾಲು ಕುಂಟತೊಡಗಿತ್ತು. 1646ರ ಸುಮಾರಿಗೆ ನ್ಯಾಯ ಕೇಳುವ ಸ್ಥಳವಾಗಿ ಕಟ್ಟಿಸಿದ್ದು, ಆಮೇಲೆ ಪೈಗಂಬರರ ಕೂದಲಿನ ಪವಿತ್ರ ಕುರುಹು ಇಟ್ಟ ಜಾಗವಾಯಿತು. ಹೆಂಗಸರಿಗೆ ಒಳಗೆ ಪ್ರವೇಶ ಇಲ್ಲ. 'ನೀ ಹೋಗಿ ಬಾ, ನಾ ಇಲ್ಲೇ ಕೂಡತೀನಿ' ಅಂದೆ. ಅಪ್ಪ ಚಪ್ಪಲಿ ಬಿಟ್ಟವನು ಮತ್ತೆ ಮೆಟ್ಟಿಕೊಂಡ. 'ನೀ ನೋಡಲಾರದ್ದ ನಾ ಒಬ್ಬನ ಏನ ನೋಡ್ಲಿ.' ಇಬ್ಬರೂ ಕೊಳದ ದಂಡೆಯ ಮೇಲೆ ಕೂತು, ಅವ್ವ ಕಟ್ಟಿಕೊಟ್ಟ ಚುರುಮುರಿ ತಿಂದೆವು.

ಅಲ್ಲೇ ನನ್ನ ಓದಿನ ಮಾತು ಬಂತು. ನಾನು ಐದು ವರ್ಷ ಏನು ಮಾಡಿದೆ ಎಂದು ಅಪ್ಪ ಮೊದಲ ಸಲ ಕೇಳಿದ. ಹೇಗೆ ಹೇಳಬೇಕೆಂದು ತಿಳಿಯದೆ ಹಳಕಟ್ಟಿಯವರಿಂದ ಶುರು ಮಾಡಿದೆ. ಫ.ಗು. ಹಳಕಟ್ಟಿ ಈ ಊರಿನಲ್ಲಿ ವಕೀಲರು. ಮನೆ ಮನೆ ತಿರುಗಿ ತಾಳೆಗರಿಗಳಲ್ಲಿದ್ದ ವಚನಗಳನ್ನು ಕೂಡಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಬಂತು. ಬೇರೆಯವರ ಛಾಪಖಾನೆಯನ್ನು ನಂಬಿಕೊಂಡರೆ ಕೆಲಸ ಸಾಗುವುದಿಲ್ಲವೆಂದು 1925ರಲ್ಲಿ ಇಲ್ಲಿಯೇ ಹಿತಚಿಂತಕ ಮುದ್ರಣಾಲಯ ಹಾಕಿದರು. ಮರುವರ್ಷ 'ಶಿವಾನುಭವ' ಪತ್ರಿಕೆ, ಅದರ ಮರುವರ್ಷ 'ನವಕರ್ನಾಟಕ' ವಾರಪತ್ರಿಕೆ. ಈ ಕೆಲಸಕ್ಕಾಗಿ ಇದ್ದ ಮನೆಯನ್ನೇ ಮಾರಿದರು.

'ಮನಿ ಮಾರಿದ್ರ?' ಅಪ್ಪನಿಗೆ ವಚನಕ್ಕಿಂತ ಇದು ಹೆಚ್ಚು ನಾಟಿತು. ಸ್ವಲ್ಪ ಹೊತ್ತು ಕೊಳದ ಹಸಿರು ನೀರು ನೋಡಿದ. 'ಹಂಗಾರ ನಾ ಅಷ್ಟೇನೂ ಮಾಡಿಲ್ಲ ಬಿಡು' ಎಂದು ನಕ್ಕ.

ನನಗೆ ನಗಲು ಆಗಲಿಲ್ಲ. ನಮ್ಮ ಮನೆ ಒಂದೇ ಅಂತಸ್ತಿನದು. ಎರಡನೆಯ ಅಂತಸ್ತಿಗಾಗಿ ಮಾಳಿಗೆಯ ಮೇಲೆ ಬಿಟ್ಟ ಕಂಬದ ಸರಳುಗಳು ಹದಿನಾಲ್ಕು ವರ್ಷದಿಂದ ಹಾಗೇ ಮುಗಿಲಿಗೆ ಮುಖ ಮಾಡಿ ನಿಂತಿವೆ. ಯಾರ ಕಣ್ಣಿಗೂ ಚುಚ್ಚಬಾರದೆಂದು ಅವುಗಳ ತುದಿಗೆ ಅವ್ವ ನೀರಿನ ಖಾಲಿ ಬಾಟಲಿ ಮಗುಚಿ ಹಾಕಿದ್ದಾಳೆ. ಊರಿನಲ್ಲಿ ನೂರು ಮನೆಗೆ ಮೇಲಂತಸ್ತು ಕಟ್ಟಿದ ಗೌಂಡಿಯ ಸ್ವಂತ ಮನೆಗೆ ಮೇಲಂತಸ್ತು ಇಲ್ಲ. ನನ್ನ ಪಿಯುಸಿ, ಡಿಗ್ರಿ, ಎಂ.ಎ., ಆಮೇಲೆ ಫೆಲೋಶಿಪ್ ತಡವಾಗಿ ಬಂದ ತಿಂಗಳುಗಳು. ದುಡ್ಡು ಎಲ್ಲಿ ಹೋಯಿತೆಂದು ನನಗೆ ಗೊತ್ತಿತ್ತು. ಅಪ್ಪ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು, ಅದೂ ತಮಾಷೆಯ ಹಾಗೆ.

ಕೋಟೆಯ ಒಳಗಿನಿಂದ, ಗಗನ ಮಹಲಿನ ದೊಡ್ಡ ಕಮಾನನ್ನು ಹೊರಗಿನಿಂದಲೇ ನೋಡಿಕೊಂಡು ಬಾರಾಕಮಾನಿಗೆ ಬಂದಾಗ ಹನ್ನೊಂದೂವರೆ ಆಗಿತ್ತು. ಎತ್ತರದ ಜಗಲಿಯ ಮೆಟ್ಟಿಲನ್ನು ಅಪ್ಪ ನನ್ನ ಹೆಗಲು ಹಿಡಿದು ಹತ್ತಿದ. ಮೇಲೆ ಸಾಲು ಸಾಲು ಕರಿಕಲ್ಲಿನ ಕಮಾನುಗಳು. ಕೆಲವು ಪೂರ್ತಿ, ಕೆಲವು ಆಳೆತ್ತರಕ್ಕೇ ನಿಂತ ಮೋಟುಗಳು. ಚಾವಣಿ ಇಲ್ಲ, ಗಚ್ಚು ಇಲ್ಲ. ನಡುವೆ ಎರಡನೇ ಅಲಿ ಆದಿಲ್ ಶಾಹ ಮತ್ತು ಅವನ ಕುಟುಂಬದವರ ಸಮಾಧಿಗಳು ಬಯಲಿನಲ್ಲೇ ಇವೆ. ಮರದ ನೆರಳಲ್ಲಿ ಕಾಲೇಜಿನ ಹುಡುಗ ಹುಡುಗಿಯರು ಕೂತಿದ್ದರು.

ಒಬ್ಬ ಗೈಡು ಪುಣೆಯ ಕಡೆಯವರಿಗೆ ಹಿಂದಿಯಲ್ಲಿ ಕತೆ ಹೇಳುತ್ತಿದ್ದ. ಊರಿನ ಮಕ್ಕಳೆಲ್ಲ ಕೇಳಿ ಬೆಳೆದ ಕತೆಯೇ. ಅಲಿಗೆ ತಂದೆಯ ಗೋಳಗುಮ್ಮಟಕ್ಕಿಂತ ದೊಡ್ಡದು ಕಟ್ಟಿಸುವ ಹಟ. ಇದರ ನೆರಳು ಗುಮ್ಮಟದ ಮೇಲೆ ಬೀಳಬೇಕು ಎಂದನಂತೆ. ಸಿಟ್ಟಾದ ತಂದೆ ಮಗನನ್ನೇ ಕೊಲ್ಲಿಸಿದನಂತೆ, ಕೆಲಸ ನಿಂತಿತಂತೆ.

'ಇದು ಸುಳ್ಳಪ್ಪಾ,' ಅಂದೆ ಮೆಲ್ಲಗೆ. ತಂದೆ ಸತ್ತದ್ದು 1656ರಲ್ಲಿ. ಮಗ ಪಟ್ಟಕ್ಕೆ ಬಂದದ್ದೇ ಆಮೇಲೆ. ಹದಿನಾರು ವರ್ಷ ಆಳಿ 1672ರಲ್ಲಿ ತೀರಿಕೊಂಡ. ಸತ್ತ ತಂದೆ ಬಂದು ಕೊಲ್ಲುವುದು ಹೇಗೆ?

'ಮತ್ತ ಯಾಕ ನಿಂತು ಕೆಲಸ?'

ನಾನು ಹೇಳಿದೆ. ಉತ್ತರದಿಂದ ಮೊಗಲರು, ಪಡುವಣದಿಂದ ಶಿವಾಜಿ. 1659ರಲ್ಲಿ ಇಲ್ಲಿಂದ ಹೋದ ಅಫ್ಜಲ್ ಖಾನ ಪ್ರತಾಪಗಡದ ಬುಡದಲ್ಲಿ ಸತ್ತ. ರಾಜ್ಯ ವರ್ಷ ವರ್ಷಕ್ಕೆ ಸಣ್ಣದಾಯಿತು. ಹಾಗಿದ್ದೂ ಅಲಿ ಕವಿಗಳನ್ನು ಸಾಕಿದ. ದಖನಿಯ ದೊಡ್ಡ ಕವಿ ನುಸ್ರತಿ ಇದ್ದದ್ದು ಅವನ ಆಸ್ಥಾನದಲ್ಲಿಯೇ. ಅಲಿ ಸತ್ತಾಗ ಪಟ್ಟಕ್ಕೆ ಕೂರಿಸಿದ್ದು ಸಿಕಂದರ್ ಎಂಬ ಎಳೆಯ ಮಗುವನ್ನು. ಹದಿನಾಲ್ಕು ವರ್ಷದಲ್ಲಿ ರಾಜ್ಯವೇ ಉಳಿಯಲಿಲ್ಲ.

'ಅಂದ್ರ ರೊಕ್ಕ ತೀರಿತು, ಧಣಿ ಸತ್ತ, ಗೌಂಡಿಗೋಳು ಮನಿಗೆ ಹೋದ್ರು,' ಅಂದ ಅಪ್ಪ. 'ಇಷ್ಟ ಸರಳ ಇದ್ದದ್ದಕ್ಕ ಅಪ್ಪ ಮಗನ ನಡುವ ಜಗಳ ಯಾಕ ಹಚ್ಚತಾರ?'

ಇದಕ್ಕೆ ನನ್ನ ಪ್ರಬಂಧದ ಭಾಷೆಯಲ್ಲಿ ಉತ್ತರ ಇರಬಹುದು. ಆ ಹೊತ್ತಿಗೆ ಬಾಯಿಗೆ ಬರಲಿಲ್ಲ. ಅಪ್ಪ ಒಂದು ಕಮಾನಿನ ಬುಡಕ್ಕೆ ಹೋಗಿ ಕಲ್ಲಿನ ಸಂದುಗಳ ಮೇಲೆ ಬೆರಳಾಡಿಸಿದ. ಎರಡು ಹೆಜ್ಜೆ ಹಿಂದೆ ಬಂದು ಒಂದು ಕಣ್ಣು ಮುಚ್ಚಿ ನೆತ್ತಿಯವರೆಗೆ ನೋಡಿದ. ಹೊಸ ಗೋಡೆ ನೆಟ್ಟಗಿದೆಯೇ ಎಂದು ನೋಡುವಾಗಲೂ ಹೀಗೇ ನಿಲ್ಲುತ್ತಾನೆ.

'ಗುಮ್ಮಟದಾಗ ಎಲ್ಲಾ ಗಚ್ಚಿನ ಕೆಳಗ ಮುಚ್ಚೇತಿ. ಹೆಂಗ ಕಟ್ಟ್ಯಾರಂತ ತಿಳಿಯೂದು ಇಲ್ಲಿ ನೋಡಿದ್ರ. ಮ್ಯಾಲೆ ಭಾರ ಇಲ್ಲ, ಏನಿಲ್ಲ, ಒಂದಕ್ಕೊಂದು ಆತು ನಿಂತಾವ. ಯವ್ವಾ, ಕೆಲಸ ಅರ್ಧಕ್ಕ ಬಿಡೂದು ತಪ್ಪಲ್ಲ. ಬೀಳೂ ಹಂಗ ಬಿಡೂದು ತಪ್ಪು.'

ಆಮೇಲೆ ನಮ್ಮ ಹಿತ್ತಲಿನ ಗೋಡೆಯ ನೆನಪು ಮಾಡಿಕೊಟ್ಟ. ಆ ಗೋಡೆಯ ತುದಿಯಲ್ಲಿ ಇಟ್ಟಿಗೆಗಳು ಒಂದು ಹೊರಗೆ, ಒಂದು ಒಳಗೆ ಇವೆ. ಚಿಕ್ಕವಳಿದ್ದಾಗ ಆ ಹೊರಚಾಚಿದ ಇಟ್ಟಿಗೆಗಳ ಮೇಲೆ ಕಾಲಿಟ್ಟು ಪಕ್ಕದ ಮನೆಯ ಪೇರಲ ಗಿಡಕ್ಕೆ ಕೈ ಹಾಕುತ್ತಿದ್ದೆ. ಅಪ್ಪನಿಗೆ ಇಟ್ಟಿಗೆ ಸಾಲದೆ ಹಾಗೆ ಬಿಟ್ಟಿದ್ದಾನೆ ಎಂದುಕೊಂಡಿದ್ದೆ.

'ಅದಕ್ಕ ಹಲ್ಲು ಬಿಡೂದು ಅಂತೀವಿ ನಾವು. ಮುಂದ ಯಾರರೆ ಕಟ್ಟಬೇಕಂದ್ರ ಹೊಸಾ ಇಟ್ಟಂಗಿ ಆ ಸಂದಿನ್ಯಾಗ ಕೂಡಬೇಕು. ಸಪಾಟ ಮಾಡಿ ಮುಚ್ಚಿದ್ರ ಹೊಸಾ ಗ್ವಾಡಿ ಹಳೇದಕ ಹತ್ತೂದುಲ್ಲ, ಬಿರುಕ ಬಿಡತೈತಿ. ನಾ ಕಟ್ಟತೀನೋ, ಮತ್ತೊಬ್ಬ ಕಟ್ಟತಾನೋ. ಹಲ್ಲ ಬಿಟ್ಟಿರಬೇಕು ಅಷ್ಟ.'

ಅಪ್ಪ ನನ್ನ ಪ್ರಬಂಧದ ಬಗ್ಗೆ ಹೇಳುತ್ತಿದ್ದನೇ? ಹೇಳುತ್ತಿರಲಿಲ್ಲ ಎಂದೇ ನನಗೆ ಈಗಲೂ ಅನ್ನಿಸುತ್ತದೆ. ಅವನು ಗೋಡೆಯ ಬಗ್ಗೆಯೇ ಹೇಳಿದ. ಆದರೆ ನನ್ನ ಕಷ್ಟ ಏನೆಂದು ನನಗೆ ಅಲ್ಲಿ ಗೊತ್ತಾಯಿತು. ಸಿಗದ ಸಂಚಿಕೆಗಳ ಜಾಗವನ್ನು ನಾನು ಮಾತಿನಿಂದ ಸಪಾಟು ಮಾಡಲು ಹೊರಟಿದ್ದೆ. ಓದುವವರಿಗೆ ಸಂದು ಕಾಣದ ಹಾಗೆ ಗಿಲಾವು ಬಳಿದು, ಎಲ್ಲ ಮುಗಿದಿದೆ ಎಂದು ತೋರಿಸುವುದು. ಅದು ಸುಳ್ಳು ಎಂದು ಕೈಗೆ ಗೊತ್ತಿತ್ತು. ಅದಕ್ಕೇ ಕೈ ಮುಂದೆ ಹೋಗುತ್ತಿರಲಿಲ್ಲ. ಎಲ್ಲೆಲ್ಲಿ ಹುಡುಕಿದೆ, ಏನು ಸಿಕ್ಕಿತು, ಯಾವ ವರ್ಷದಿಂದ ಯಾವ ವರ್ಷದವರೆಗೆ ಖಾಲಿ, ಯಾರ ಮನೆಯ ಅಟ್ಟವನ್ನು ಇನ್ನೂ ನೋಡಿಲ್ಲ, ಇಷ್ಟನ್ನು ಇದ್ದ ಹಾಗೆ ಬರೆದರೆ ಅದೂ ಒಂದು ಅಧ್ಯಾಯವೇ. ಇಷ್ಟು ಸಣ್ಣ ಮಾತಿಗೆ ನಾನು ಒಂದು ವರ್ಷ ಕಳೆದಿದ್ದೆ. ನನ್ನ ಮಾರ್ಗದರ್ಶಕರು ಇದನ್ನೇ ಬೇರೆ ಮಾತಿನಲ್ಲಿ ಎರಡು ಸಲ ಹೇಳಿದ್ದರು ಎಂಬುದೂ ಆಗಲೇ ನೆನಪಾಯಿತು.

ಅಪ್ಪನಿಗೆ ಏನೂ ಹೇಳಲಿಲ್ಲ. ಹಸಿವಾಗಿತ್ತು. ಆಟೊ ಹಿಡಿದು ಮನೆಗೆ ಬಂದೆವು. ಊಟ ಮಾಡಿ ಅಪ್ಪ ಮಲಗಿದ. ಸಂಜೆ ನಾನು ಒಣಹಾಕಿದ ಬಟ್ಟೆ ತೆಗೆಯಲು ಮಾಳಿಗೆಗೆ ಹೋದಾಗ ಅಪ್ಪ ಆಗಲೇ ಮೇಲಿದ್ದ. ಬುಟ್ಟಿಯಲ್ಲಿ ಸಿಮೆಂಟು ಕದಡಿಕೊಂಡು ತುಕ್ಕು ಹತ್ತಿದ ಸರಳುಗಳಿಗೆ ಹಳೆಯ ಬ್ರಶ್ಶಿನಿಂದ ಬಳಿಯುತ್ತಿದ್ದ. ಪ್ರತಿ ಎರಡು ವರ್ಷಕ್ಕೊಮ್ಮೆ ಹಾಗೆ ಬಳಿಯುತ್ತಾನಂತೆ. ನಾನು ಹಾಸ್ಟೆಲಿನಲ್ಲಿ ಇರುತ್ತಿದ್ದೆ, ನೋಡಿರಲಿಲ್ಲ.

'ಕೆಲಸಕ್ಕ ಯಾವಾಗ ಹೋಗತಿ?' ಕೇಳಿದ, ನನ್ನ ಕಡೆ ನೋಡದೆ.

'ಎರಡ ತಿಂಗಳ ಬಿಟ್ಟು' ಅಂದೆ. 'ಒಂದು ಅಧ್ಯಾಯ ಐತಿ.'

ಅಪ್ಪ ಹೂಂ ಅಂದ. ನಾನು ಬಾಟಲಿಗಳನ್ನು ಒಂದೊಂದಾಗಿ ತೆಗೆದು ಕೊಟ್ಟೆ, ಅವನು ಬಳಿದ ಮೇಲೆ ಒಣಗಲೆಂದು ಬಿಟ್ಟೆವು. ಮನೆಗಳ ನಡುವೆ, ನೀರಿನ ಟಾಕಿಗಳ ಮೇಲೆ, ಪೂರ್ವಕ್ಕೆ ಗೋಳಗುಮ್ಮಟ ಕಾಣುತ್ತಿತ್ತು. ಬಾರಾಕಮಾನ್ ನಮ್ಮ ಮಾಳಿಗೆಯಿಂದ ಕಾಣುವುದಿಲ್ಲ.